ಬಕಲ್ ಸಂದಿಯ ಕೊಳೆ

ನಿನ್ನೆ ಅತ್ತೆಯನ್ನು ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಈಗ ಆರಾಮಾಗಿದ್ದಾರೆ, ಗಾಬರಿ ಬೇಡ.

ಅವರನ್ನು ಒಳಗೆ ಕಳಿಸಿ ಬಂದಾಗ ಗಾಡಿಯ ಹುಡುಗ ಸ್ಟ್ರೆಚರ್ ಒರೆಸುತ್ತಿದ್ದ. ರೆಕ್ಸಿನ್ ಹಾಸಿಗೆ, ಪಕ್ಕದ ಕಂಬಿ ಎಲ್ಲ ಆಯ್ತು. ಆಮೇಲೆ ಬೆಲ್ಟಿನ ಬಕಲ್ ತಿರುಗಿಸಿ ಅದರ ಸಂದಿಗೂ ಬಟ್ಟೆ ತೂರಿಸಿ ಉಜ್ಜಿದ. ನೋಡಿ ನಿಜಕ್ಕೂ ಖುಷಿಯಾಯ್ತು.

ಕಣ್ಣಿಗೆ ಬೀಳುವ ರಕ್ತವನ್ನು ಯಾರೂ ಬಿಡುವುದಿಲ್ಲ. ಕಾಣದ್ದೇ ಕಷ್ಟ. ಬಿಪಿ ಪಟ್ಟಿಯ ಬಟ್ಟೆ, ಬೆರಳಿಗೆ ಹಾಕುವ ಆಕ್ಸಿಮೀಟರ್‌ನ ಒಳಭಾಗ, ಸ್ಟೆತಸ್ಕೋಪ್, ಆಕ್ಸಿಜನ್‌ಗೆ ಜೋಡಿಸಿದ ಬಾಟಲಿಯ ನೀರು. ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ಒಣಗಿದ ಜಾಗದಲ್ಲೂ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಬದುಕಬಲ್ಲದು. ಅದರದೇ ಒಂದು ಬಗೆ ಎಂಆರ್‌ಎಸ್‌ಎ. ಎಷ್ಟೋ ಆಂಟಿಬಯಾಟಿಕ್‌ಗಳಿಗೆ ಅದು ಬಗ್ಗುವುದಿಲ್ಲ. ಮುಂದೆ ಅದೇ ಸ್ಟ್ರೆಚರ್ ಮೇಲೆ ಮಲಗುವವರಿಗೆ ತೆರೆದ ಗಾಯ ಇರಬಹುದು, ಅಲ್ವಾ?

ಸುಮ್ನೆ ಔಷಧ ಸಿಂಪಡಿಸಿ ತಕ್ಷಣ ಒರೆಸಿಬಿಟ್ಟರೆ ಪ್ರಯೋಜನ ಇಲ್ಲ. ಮೊದಲು ಕೊಳೆ ತೆಗೆಯಬೇಕು. ಆಮೇಲೆ ಔಷಧ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ನಿಮಿಷ ಹಸಿಯಾಗಿಯೇ ಬಿಡಬೇಕು. ಅಷ್ಟರಲ್ಲಿ ಮುಂದಿನ ಕರೆ ಬಂದಿರುತ್ತದೆ. ಆ ಹುಡುಗನ ಫೋನೂ ರಿಂಗಾಗುತ್ತಲೇ ಇತ್ತು.

2008ರಲ್ಲಿ ನಮ್ಮ ರಾಜ್ಯಕ್ಕೆ 108 ಬಂದಾಗಿನಿಂದ ಗಾಡಿ ಎಷ್ಟು ಬೇಗ ಬಂತು ಅಂತಲೇ ಎಲ್ಲರೂ ಕೇಳುತ್ತೇವೆ. ಕೇಳಬೇಕಾದ್ದೇ. ಆದರೆ ತೊಳೆಯುವ ಆ ಹತ್ತಿಪ್ಪತ್ತು ನಿಮಿಷವನ್ನೂ ಡ್ಯೂಟಿ ಅಂತಲೇ ಲೆಕ್ಕ ಹಿಡಿಯಬೇಕು. ಅದನ್ನು ಆ ಹುಡುಗರ ಮನಸ್ಸಿಗೆ ಬಿಟ್ಟು ಕೂರುವುದು ಸರಿಯಲ್ಲ.