ವಯನಾಡಿಗೆ ಹೋಗಬಹುದಾ?

ಹೋಗಬಹುದು. 2024ರ ನವೆಂಬರ್ ಕೊನೆಗೆ ನಾವು ಹೊರಟಾಗ ಮೈಸೂರಿನಲ್ಲಿ ಕೇಳಿದವರೆಲ್ಲ ಹುಬ್ಬೇರಿಸಿದ್ದರು. "ಗುಡ್ಡ ಕುಸಿದಿರೋ ಜಾಗಕ್ಕೆ ಮಕ್ಕಳನ್ನ ಕರ್ಕೊಂಡು ಹೋಗ್ತೀರಾ?" ಅಂತ ಪಕ್ಕದ ಮನೆಯವರು ನೇರವಾಗಿಯೇ ಕೇಳಿದರು.

ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡು ಮುಗಿಸಿ ಮುತ್ತಂಗ ಸೇರಿದರೆ ಎಲ್ಲ ಎಂದಿನಂತೆಯೇ ಇತ್ತು. ಕಾಫಿ ಹಣ್ಣಾಗುತ್ತಿತ್ತು. ಉಪಚುನಾವಣೆ ಆಗಷ್ಟೇ ಮುಗಿದಿತ್ತು, ಗೋಡೆಗಳ ತುಂಬ ಪ್ರಿಯಾಂಕಾ ಗಾಂಧಿ ಪೋಸ್ಟರ್. ಜುಲೈ 30ರ ನಸುಕಿನಲ್ಲಿ ಕೊಚ್ಚಿಹೋದದ್ದು ಮೇಪ್ಪಾಡಿ ಪಂಚಾಯಿತಿಯ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ. ಮುತ್ತಂಗ ದಾಟಿದ ಮೇಲೆ ಸಿಗುವ ಸುಲ್ತಾನ್ ಬತ್ತೇರಿಯಿಂದ ಅಲ್ಲಿಗೆ ಗಾಡಿಯಲ್ಲಿ ಗಂಟೆಗೂ ಜಾಸ್ತಿ ದಾರಿ. ಎಚ್.ಡಿ. ಕೋಟೆಯ ಮೂಲೆಯಲ್ಲಿ ಅನಾಹುತ ಆಯ್ತು ಅಂತ ಮೈಸೂರು ಅರಮನೆಗೆ ಬರೋರು ಟಿಕೆಟ್ ರದ್ದು ಮಾಡಿದರೆ ಹೇಗಿರುತ್ತೆ? ವಯನಾಡಿನಲ್ಲಿ ಆಗಿದ್ದು ಅದೇ.

ವೈತಿರಿಯಲ್ಲಿ ನಾವು ಇಳಿದುಕೊಂಡ ಹೋಂಸ್ಟೇ ಮಾಲೀಕರಿಗೆ ಚೆನ್ನಾಗಿ ಕನ್ನಡ ಬರುತ್ತಿತ್ತು. ಎಚ್.ಡಿ. ಕೋಟೆ ಕಡೆ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆದವರಂತೆ. ಅವರ ಬುಕಿಂಗ್ ನೋಟ್‌ಬುಕ್ ಮೇಜಿನ ಮೇಲೇ ಇತ್ತು. ಆಗಸ್ಟ್ ಪುಟಗಳಲ್ಲಿ ಹೆಸರುಗಳ ಮೇಲೆಲ್ಲ ಕೆಂಪು ಗೀಟು. ಓಣಂ ರಜೆಯ ಪುಟವೂ ಹಾಗೇ. "ಗೀಟು ಹಾಕೋದು ಬೇಜಾರಿಲ್ಲ ಸಾರ್. ಆಮೇಲೆ ಫೋನ್ ಮಾಡಿ, ಹೆಂಗೂ ಖಾಲಿ ಇದೆಯಲ್ಲ, ಅರ್ಧ ರೇಟಿಗೆ ಕೊಡಿ ಅಂದ್ರಲ್ಲ, ಅದು..." ಅಂತ ಹೇಳಿ ನಕ್ಕರು. ನಾನು ಕೇಳಬೇಕು ಅಂದುಕೊಂಡಿದ್ದ ರಿಯಾಯಿತಿಯನ್ನು ಅಲ್ಲೇ ನುಂಗಿಕೊಂಡೆ.

ಪೂಕೋಡ್ ಕೆರೆಯಲ್ಲಿ ಶಾಲಾ ಮಕ್ಕಳ ಗಲಾಟೆ, ದೋಣಿಗೆ ಕ್ಯೂ. ಎಡಕ್ಕಲ್ ಗುಹೆಯ ಮೆಟ್ಟಿಲು ಹತ್ತುವಾಗ ಮುಂದಿದ್ದವರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ನೋಡಿದವರು ಪ್ರವಾಸೋದ್ಯಮ ಚೇತರಿಸಿಕೊಂಡಿತು ಅನ್ನಬೇಕು. ನನಗೇನೋ ಇದು ಅರ್ಧ ಸುಳ್ಳು ಅನ್ನಿಸಿತು. ಏಟೇ ಬೀಳದ ಊರುಗಳು ಎದ್ದು ನಿಂತಿವೆ, ಅಷ್ಟೇ. ಏಟು ಬಿದ್ದದ್ದು ಮೇಪ್ಪಾಡಿ ಆಚೆಗೆ. ಸೂಚಿಪ್ಪಾರ ಜಲಪಾತಕ್ಕೆ ಬರೋರಿಗೆ ಚಹಾ, ಊಟ, ಜೀಪ್ ಅಂತ ಬದುಕು ಕಟ್ಟಿಕೊಂಡವರು ಆ ಕಡೆಯವರು. ಅವರಲ್ಲಿ ಕೆಲವರಿಗೆ ಅಂಗಡಿ ಮಾತ್ರವಲ್ಲ, ಅಂಗಡಿ ಇದ್ದ ನೆಲವೇ ಇಲ್ಲ.

ಎರಡು ದಿನಗಳಲ್ಲಿ 572 ಮಿ.ಮೀ. ಮಳೆ ಸುರಿದಿತ್ತು ಅಲ್ಲಿ. ಸತ್ತವರು, ಸಿಗದೇ ಹೋದವರು ಸೇರಿ ಸುಮಾರು 300 ಜನ. ಎಷ್ಟೋ ದೇಹಗಳು ಚಾಲಿಯಾರ್ ಹೊಳೆಯಲ್ಲಿ ತೇಲಿ ಪಕ್ಕದ ಮಲಪ್ಪುರಂ ಜಿಲ್ಲೆಯ ನಿಲಂಬೂರಿನಲ್ಲಿ ಸಿಕ್ಕವು. ಮುಂಡಕ್ಕೈಗೆ ದಾರಿ ಮಾಡಿಕೊಟ್ಟ 190 ಅಡಿಯ ಬೈಲಿ ಸೇತುವೆ (ಉಕ್ಕಿನ ಭಾಗಗಳನ್ನು ಬೇಗ ಜೋಡಿಸಿ ಕಟ್ಟುವಂಥದ್ದು) ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ ನೆಲೆ ಇರುವ, ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್.

ಮೇಪ್ಪಾಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ ಕೆಎ ನಂಬರಿನ ಕಾರೊಂದು ಬಂದು ನಿಂತಿತು. ಒಳಗೆ ನಾಲ್ಕು ಹುಡುಗರು. "ಚೇಟ್ಟಾ, ಸ್ಪಾಟ್ ಎಲ್ಲಿ?" ಚಹಾದವರು ಒಂದು ಮಾತೂ ಆಡದೆ ಕಲ್ಪೆಟ್ಟ ರಸ್ತೆ ತೋರಿಸಿದರು. ಅದು ವಾಪಸ್ ಹೋಗುವ ದಾರಿ. ಕಾರು ಅತ್ತಲೇ ಹೋಯಿತು. ನನಗಂತೂ ಸಮಾಧಾನವಾಯಿತು.

ನಾವು ಪುತ್ತುಮಲದವರೆಗೆ ಮಾತ್ರ ಹೋದೆವು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು 17 ಜನ ಹೋದ ಊರದು. 2024ರಲ್ಲಿ ಗುರುತು ಸಿಗದ ದೇಹಗಳನ್ನು ಮಣ್ಣು ಮಾಡಿದ್ದೂ ಅಲ್ಲೇ, ಎಲ್ಲ ಧರ್ಮಗಳ ಪ್ರಾರ್ಥನೆ ಮಾಡಿ. ಸಾಲುಸಾಲು ಕಲ್ಲು, ಕಲ್ಲಿನ ಮೇಲೆ ನಂಬರು. ಡಿಎನ್‌ಎ ಹೊಂದಿದ ಕಡೆ ಮನೆಯವರು ಬಂದು ಹೆಸರು ಹಾಕಿಸಿದ್ದರು. ಮಕ್ಕಳನ್ನು ಕಾರಿನಲ್ಲೇ ಬಿಟ್ಟಿದ್ದೆವು. ಫೋಟೊ ತೆಗೆಯಲಿಲ್ಲ.

ಬದುಕುಳಿದವರಿಗೆ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟ್‌ನಲ್ಲಿ ಟೌನ್‌ಶಿಪ್ ಕಟ್ಟಲು 2025ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಮನೆ ಆದೀತು. ಚೂರಲ್‌ಮಲದ ಗಿರಾಕಿಗಳು ಕಲ್ಪೆಟ್ಟಕ್ಕೆ ಬರ್ತಾರಾ?

ಹೊರಡುವ ದಿನ ಬಿಲ್ ಪೂರ್ತಿ ಕೊಟ್ಟೆವು. ಮಾಲೀಕರು ಡಿಸೆಂಬರ್ ಪುಟ ತೆಗೆದು ತೋರಿಸಿದರು. ಕ್ರಿಸ್‌ಮಸ್ ವಾರ ತುಂಬಿತ್ತು, ಬಹುಪಾಲು ಬೆಂಗಳೂರಿನವರು. ಕೆಲಸಕ್ಕಿದ್ದ ಇಬ್ಬರಲ್ಲಿ ಒಬ್ಬ ವಾಪಸ್ ಬಂದಿದ್ದಾನೆ. ಇನ್ನೊಬ್ಬ ಆಗಸ್ಟ್‌ನಲ್ಲೇ ಕೋಯಿಕ್ಕೋಡಿನ ಹೋಟೆಲ್ ಸೇರಿದವನು, ಕರೆದರೆ ಬರೋಲ್ಲ ಅಂತಿದ್ದಾನೆ. ಅಲ್ಲಿ ಮಳೆಗಾಲದಲ್ಲೂ ಸಂಬಳ ಬರುತ್ತಂತೆ.