ಶೇಕ್‌ಗೇ ಕಾಫಿ ಸುರಿದುಕೊಂಡರೆ ಆಗದೇ?

ಬೆಳಗಿನ ತಿಂಡಿಯ ಬದಲು ನಾನು ಪ್ರೋಟೀನು ಪುಡಿ ಕಲಕಿ ಮಾಡುವ ಶೇಕ್ ಕುಡಿಯುತ್ತೇನೆ ಎಂದು ಗೊತ್ತಾದವರೆಲ್ಲ ಸುತ್ತಿ ಬಳಸಿ ಇದೇ ಪ್ರಶ್ನೆಗೆ ಬರುತ್ತಾರೆ. ಕಾಫಿ ಬೇರೆ, ಶೇಕ್ ಬೇರೆ ಏಕೆ? ಎರಡನ್ನೂ ಒಂದೇ ಲೋಟದಲ್ಲಿ ಮುಗಿಸಬಾರದೇ?

ಧಾರಾಳವಾಗಿ ಮುಗಿಸಬಹುದು. ಈ ಪುಡಿಗಳ ಮುಖ ಕಟ್ಟುವ ವೆನಿಲಾ ಸಿಹಿಯನ್ನು ಹದಕ್ಕೆ ತರಲು ಕಾಫಿಯ ಕಹಿಗಿಂತ ಒಳ್ಳೆಯದು ನನಗಂತೂ ಸಿಕ್ಕಿಲ್ಲ. ಅಮೆರಿಕದ ಸಾಯ್ಲೆಂಟ್ ಕಂಪನಿ 2016ರಲ್ಲೇ ‘ಕಾಫಿಯೆಸ್ಟ್’ ಎಂಬ ಹೆಸರಿನಲ್ಲಿ ಕಾಫಿ ಬೆರೆಸಿದ ಶೇಕ್ ಬಾಟಲಿಯನ್ನು ಮಾರಾಟಕ್ಕೆ ಬಿಟ್ಟಿತ್ತು.

ಕುದಿಯುವ ಡಿಕಾಕ್ಷನ್ ಅನ್ನು ನೇರವಾಗಿ ಪುಡಿಯ ಮೇಲೆ ಸುರಿಯುವುದು ಮಾತ್ರ ಬೇಡ. ಹಾಲಿನಿಂದ ತೆಗೆದ ವೇ ಪ್ರೋಟೀನು ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಂಟು ಕಟ್ಟತೊಡಗುತ್ತದೆ. ಸೋಯಾ ಪುಡಿಯಾದರೆ ಬಿಸಿಯ ಜೊತೆಗೆ ಕಾಫಿಯ ಹುಳಿಯೂ ಸೇರಿ ಒಡೆದ ಹಾಲಿನಂತಾಗುತ್ತದೆ. ಮೊದಲು ತಣ್ಣೀರಿನಲ್ಲೋ ತಣ್ಣನೆಯ ಹಾಲಿನಲ್ಲೋ ಪುಡಿಯನ್ನು ಚೆನ್ನಾಗಿ ಕಲಕಿ, ಅದು ಒಂದೇ ಸಮನಾದ ಮೇಲೆ ಆರಿದ ಡಿಕಾಕ್ಷನ್ ಅನ್ನು ಸಣ್ಣ ಧಾರೆಯಾಗಿ ಬಿಡಬೇಕು. ಫಿಲ್ಟರಿನಿಂದ ಮೊದಲು ಇಳಿಯುವ ಗಟ್ಟಿ ಡಿಕಾಕ್ಷನ್ನೇ ಆಗಬೇಕು. ಎರಡನೆಯ ಸಲದ್ದನ್ನು ಹಾಕಿದರೆ ಶೇಕ್ ನೀರಾಗುತ್ತದೆಯೇ ಹೊರತು ಘಮ ಏರುವುದಿಲ್ಲ.

ಇಷ್ಟೆಲ್ಲ ಹೇಳಿದ ನಾನು ನಿತ್ಯ ಹಾಗೆ ಕುಡಿಯುವುದಿಲ್ಲ. ಕಾರಣ, ಕಬ್ಬಿಣಾಂಶ.

ಶೇಕ್ ಒಂದು ಹೊತ್ತಿನ ಊಟಕ್ಕೆ ಬದಲಾಗಿ ನಿಲ್ಲಬೇಕೆಂದೇ ಅದಕ್ಕೆ ಜೀವಸತ್ವ, ಖನಿಜಗಳನ್ನು ಸೇರಿಸಿರುತ್ತಾರೆ. ಅದರಲ್ಲಿರುವ ಕಬ್ಬಿಣವನ್ನು ಕಾಫಿಯಲ್ಲಿ ಸಹಜವಾಗಿರುವ ಪಾಲಿಫಿನಾಲ್ ಎಂಬ ಸಸ್ಯಜನ್ಯ ರಾಸಾಯನಿಕಗಳು ಹಿಡಿದಿಟ್ಟುಕೊಂಡು, ಕರುಳು ಹೀರಿಕೊಳ್ಳದಂತೆ ಮಾಡುತ್ತವೆ. ದುಡ್ಡು ಕೊಟ್ಟು ತಂದ ಕಬ್ಬಿಣ ಹಾಗೆಯೇ ಹೊರಗೆ! ಅಮೆರಿಕದಲ್ಲಿ 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹ್ಯಾಂಬರ್ಗರ್ ಊಟದೊಂದಿಗೆ ಒಂದು ಕಪ್ ಕಾಫಿ ಕುಡಿದವರಲ್ಲಿ ಕಬ್ಬಿಣದ ಹೀರಿಕೆ 39 ಶೇಕಡಾ ಇಳಿದಿತ್ತು. ಚಹಾ ಇನ್ನೂ ಕೆಟ್ಟದ್ದು, 64 ಶೇಕಡಾ. ಊಟವಾಗಿ ಒಂದು ಗಂಟೆಯ ನಂತರ ಕುಡಿದ ಕಾಫಿಯೂ ಜೊತೆಯಲ್ಲಿ ಕುಡಿದಷ್ಟೇ ಅಡ್ಡಿ ಮಾಡಿತ್ತು. ಆದರೆ ಊಟಕ್ಕೆ ಒಂದು ಗಂಟೆ ಮೊದಲು ಕುಡಿದದ್ದರಿಂದ ಏನೂ ಇಳಿಕೆಯಾಗಲಿಲ್ಲ. ತಿಂಡಿಯಾದ ಮೇಲೆ ಕಾಫಿ ಎನ್ನುವ ನಮ್ಮ ಅಭ್ಯಾಸಕ್ಕೆ ಇದು ಒಪ್ಪುವ ಸುದ್ದಿಯಲ್ಲ.

ರಕ್ತ ಚೆನ್ನಾಗಿರುವವರು ಇದನ್ನು ಹೆಚ್ಚು ಹಚ್ಚಿಕೊಳ್ಳಬೇಕಾಗಿಲ್ಲ. ಆದರೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 47.8 ಶೇಕಡಾ ಮಂದಿಗೆ ರಕ್ತಹೀನತೆಯಿದೆ. ತೂಕ ಇಳಿಸಲೆಂದು ದಿನಕ್ಕೆರಡು ಹೊತ್ತು ಶೇಕ್ ಕುಡಿಯುವವರಲ್ಲಿ ಇವರೂ ಇರುತ್ತಾರಲ್ಲ, ಅವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಎದ್ದ ಕೂಡಲೇ ಕಾಫಿ ಮುಗಿಸಿ, ಸ್ನಾನ, ಮನೆಗೆಲಸ ಆದ ಮೇಲೆ ಶೇಕ್ ಕುಡಿಯಲಿ.

ಕೆಫೀನಿನ ಲೆಕ್ಕ ಬೇರೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ ತನಕ, ಗರ್ಭಿಣಿಯರಿಗೆ 200ರ ತನಕ ಅಡ್ಡಿಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಕೆಲವು ಶೇಕ್ ಪುಡಿಗಳಲ್ಲಿ ಮೊದಲೇ ಕೆಫೀನ್ ಇರುವುದರಿಂದ ಪೊಟ್ಟಣದ ಹಿಂಬದಿಯನ್ನೊಮ್ಮೆ ಓದಿಕೊಳ್ಳಿ.

ಹಾಗಾದರೆ ಕೆಫೀನ್ ತೆಗೆದ ಕಾಫಿ ಹಾಕಿದರೆ ಕಬ್ಬಿಣ ಉಳಿಯುತ್ತದಲ್ಲವೇ ಎಂದು ಜಾಣರು ಕೇಳುತ್ತಾರೆ. ಇಲ್ಲ. ಅಡ್ಡಿ ಮಾಡುವುದು ಪಾಲಿಫಿನಾಲ್. ಕೆಫೀನ್ ಹೋದರೂ ಅದು ಕಾಫಿಯಲ್ಲೇ ಇರುತ್ತದೆ.