ಯುಬಿಕ್ವಿಟಿನ್ ಮಾದರಿ: ಬಾಲ, ಅಯಸ್ಕಾಂತ, ಮತ್ತೆ ಇ3ರ ತಲೆನೋವು

ಕೈಯಲ್ಲಿ ಹಿಡಿದು ಜೋಡಿಸಿ ಬಿಡಿಸಬಹುದಾದ ಯುಬಿಕ್ವಿಟಿನ್ ಮಾದರಿ ಈ ತಿಂಗಳು ಒಂದು ಹಂತಕ್ಕೆ ಬಂತು. ಹೊಸದಾಗಿ ಓದುವವರಿಗೆ: ಯುಬಿಕ್ವಿಟಿನ್ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಜೀವಕೋಶ ಇದನ್ನು ಬೇರೆ ಪ್ರೋಟೀನ್‌ಗಳಿಗೆ ಅಂಟಿಸಿ, ಯಾವುದನ್ನು ಒಡೆಯಬೇಕು, ಯಾವುದನ್ನು ಎಲ್ಲಿಗೆ ಕಳಿಸಬೇಕು ಎಂದು ಗುರುತು ಹಾಕುತ್ತದೆ. ಅಂಟಿಸುವುದು ಇ1, ಇ2, ಇ3 ಎಂಬ ಮೂರು ಬಗೆಯ ಕಿಣ್ವಗಳು. ಹೀಗೆ ಗುರುತಿಸಿ ಒಡೆಯುವ ವ್ಯವಸ್ಥೆಯನ್ನು ಕಂಡುಕೊಂಡ ಸೀಕನೋವರ್, ಹರ್ಷ್ಕೊ, ರೋಸ್ ಅವರಿಗೆ 2004ರ ರಸಾಯನಶಾಸ್ತ್ರ ನೊಬೆಲ್ ಸಂದಿತು.

ಆಕಾರಕ್ಕೆ ಬಳಸಿದ್ದು ಪ್ರೋಟೀನ್ ಡೇಟಾ ಬ್ಯಾಂಕಿನ 1ಯುಬಿಕ್ಯೂ ಫೈಲ್. ವಿಜಯ್‌ಕುಮಾರ್, ಬಗ್, ಕುಕ್ 1987ರಲ್ಲಿ ಪ್ರಕಟಿಸಿದ್ದು. ಹಳೆಯದಾದರೂ ಈ ಕೆಲಸಕ್ಕೆ ಧಾರಾಳ ಸಾಕು. ಕೈಮೆರಾಎಕ್ಸ್ ಎಂಬ ಅಣುರಚನೆ ನೋಡುವ ತಂತ್ರಾಂಶದಲ್ಲಿ ನೀರಿನ ಅಣುಗಳನ್ನು ಅಳಿಸಿ, ಮೇಲ್ಮೈಯನ್ನು 3ಡಿ ಪ್ರಿಂಟಿಂಗ್‌ಗೆ ಬೇಕಾದ ಎಸ್‌ಟಿಎಲ್ ಫೈಲ್ ಮಾಡಿಕೊಂಡೆ. 1 ಆಂಗ್‌ಸ್ಟ್ರಾಂಗೆ 2 ಮಿ.ಮೀ., ಅಂದರೆ ಎರಡು ಕೋಟಿ ಪಟ್ಟು ಹಿಗ್ಗಿಸಿದ್ದು. ಸುಮಾರು 3 ನ್ಯಾನೋಮೀಟರ್ ಅಗಲದ ಪ್ರೋಟೀನ್ ಈಗ 6 ಸೆಂ.ಮೀ. ಉಂಡೆ.

ಬಾಲವೇ ಇದರ ಕೆಲಸದ ತುದಿ. ಕೊನೆಯ ನಾಲ್ಕು ಅಮೈನೋ ಆಮ್ಲಗಳು ಉಂಡೆಯಿಂದ ಹೊರಗೆ ಚಾಚಿ ಸಡಿಲವಾಗಿ ಅಲ್ಲಾಡುತ್ತವೆ, ತೀರಾ ತುದಿಯಲ್ಲಿ ಎರಡು ಗ್ಲೈಸಿನ್. ಪಿಎಲ್‌ಎ ಎಂಬ ಗಡುಸು ಪ್ರಿಂಟಿಂಗ್ ಪ್ಲಾಸ್ಟಿಕ್‌ನಲ್ಲಿ ಅಷ್ಟು ತೆಳ್ಳಗಿನ ಬಾಲ ನಿಲ್ಲುವುದಿಲ್ಲ, ಮುರಿದೇ ಹೋಗುತ್ತದೆ. ಅದನ್ನು ಬಗ್ಗುವ ಟಿಪಿಯು ಪ್ಲಾಸ್ಟಿಕ್‌ನಲ್ಲಿ ಬೇರೆಯಾಗಿ ಪ್ರಿಂಟ್ ಮಾಡಿ ಅಂಟಿಸಿದೆ. ನಿಜವಾದ ಬಾಲವೂ ಬಳುಕುವಂಥದ್ದೇ ಆದ್ದರಿಂದ ಇದರಲ್ಲಿ ಮೋಸವಿಲ್ಲ.

ಅಯಸ್ಕಾಂತಗಳು ಬೆಂಗಳೂರಿನ ಎಸ್.ಪಿ. ರೋಡಿನವು, 3 ಮಿ.ಮೀ. ಅಗಲದ ನಿಯೋಡಿಮಿಯಮ್ ಬಿಲ್ಲೆಗಳು. ಬಾಲದ ತುದಿಯಲ್ಲಿ ಉತ್ತರ ಧ್ರುವ ಹೊರಮುಖ, ಹಿಡಿಯುವ ಜಾಗಗಳಲ್ಲೆಲ್ಲ ದಕ್ಷಿಣ. ಬಾಲಕ್ಕೆ ಬಾಲ ಅಂಟುವುದೇ ಇಲ್ಲ, ನೂಕುತ್ತದೆ. ಒಂದು ಯುಬಿಕ್ವಿಟಿನ್ ಮೇಲೆ ಇನ್ನೊಂದು ಕೂರಲು ಎಂಟು ಜಾಗಗಳಿವೆ: ಲೈಸಿನ್ ಎಂಬ ಏಳು ಅಮೈನೋ ಆಮ್ಲಗಳು (ಸಾಲಿನಲ್ಲಿ 6, 11, 27, 29, 33, 48, 63ನೆಯವು) ಮತ್ತು ಮೊದಲನೆಯ ಮೆಥಿಯೋನಿನ್. 27ನೆಯದು ಒಳಗೆ ಹುದುಗಿಕೊಂಡಿದೆ, ಬಿಲ್ಲೆಗೆ ಗುಳಿ ತೋಡಲು ಮೇಲ್ಮೈಯೇ ಸಿಗುವುದಿಲ್ಲ. ಸದ್ಯಕ್ಕೆ ಅಲ್ಲೊಂದು ಕೆಂಪು ಚುಕ್ಕೆ ಇಟ್ಟು ಬಿಟ್ಟಿದ್ದೇನೆ.

ಬಲ ಎಷ್ಟಿರಬೇಕು ಎಂಬುದನ್ನು ರಸಾಯನವೇ ಹೇಳಿಕೊಟ್ಟಿತು. ಇ1 ಮೊದಲು ಎಟಿಪಿ (ಜೀವಕೋಶದ ಶಕ್ತಿಯ ಅಣು) ಖರ್ಚು ಮಾಡಿ ಬಾಲದ ತುದಿಯನ್ನು ಚುರುಕುಗೊಳಿಸುತ್ತದೆ, ಆಮೇಲೆ ತನ್ನಲ್ಲಿರುವ ಸಿಸ್ಟೀನ್ ಎಂಬ ಅಮೈನೋ ಆಮ್ಲಕ್ಕೆ ಕಟ್ಟಿಕೊಳ್ಳುತ್ತದೆ. ಅಲ್ಲಿಂದ ಅದು ಇ2ರ ಸಿಸ್ಟೀನ್‌ಗೆ ದಾಟುತ್ತದೆ. ಎರಡೂ ಥಯೋಎಸ್ಟರ್ ಬಂಧಗಳೇ, ಹೆಚ್ಚುಕಡಿಮೆ ಸಮಬಲದವು, ಹಾಗಾಗಿ ಎರಡಕ್ಕೂ ಒಂದೊಂದೇ ಬಿಲ್ಲೆ. ಕೊನೆಗೆ ಲೈಸಿನ್ ಜೊತೆ ಆಗುವ ಐಸೊಪೆಪ್ಟೈಡ್ ಬಂಧ ಹೆಚ್ಚು ಗಟ್ಟಿ, ಅಲ್ಲಿ ಎರಡು ಬಿಲ್ಲೆ ಒಂದರ ಮೇಲೊಂದು. ಇ2ರಿಂದ ಲೈಸಿನ್‌ಗೆ ದಾಟಿಸುವಾಗ ಆ ವ್ಯತ್ಯಾಸ ಬೆರಳಿಗೆ ಗೊತ್ತಾಗುತ್ತದೆ. ಇ1ನ್ನು ಮಾತ್ರ ಥರ್ಮಕೋಲ್‌ನಲ್ಲಿ ಕೊರೆದೆ. ಸಾವಿರಕ್ಕೂ ಮಿಕ್ಕ ಅಮೈನೋ ಆಮ್ಲಗಳ ಅದನ್ನು ಈ ಅಳತೆಯಲ್ಲಿ ಪ್ರಿಂಟ್ ಮಾಡುವಷ್ಟು ಫಿಲಮೆಂಟ್ ಸುರಿಯಲು ಮನಸ್ಸಾಗಲಿಲ್ಲ.

ಇ3 ಹತ್ತಿರ ಬಂದಾಗ ಕೆಲಸ ನಿಂತಿತು. ಮನುಷ್ಯರಲ್ಲಿ ಇ1 ಎರಡು, ಇ2 ನಲವತ್ತರ ಆಸುಪಾಸು, ಇ3 ಮಾತ್ರ ಆರುನೂರಕ್ಕೂ ಹೆಚ್ಚು. ಯಾವ ಪ್ರೋಟೀನ್‌ಗೆ ಗುರುತು ಬೀಳಬೇಕೆಂದು ಆರಿಸುವುದು ಮುಖ್ಯವಾಗಿ ಇ3, ಸಂಖ್ಯೆ ಅಷ್ಟು ಬೆಳೆದಿರುವುದು ಅದಕ್ಕೇ. ಇವುಗಳಲ್ಲಿ ಹೆಚ್ಚಿನವು ರಿಂಗ್ ಬಗೆಯವು. ರಿಂಗ್ ಇ3 ಮದುವೆ ದಲ್ಲಾಳಿಯ ಹಾಗೆ: ಎರಡೂ ಕಡೆಯವರನ್ನು ಒಂದೆಡೆ ಕೂರಿಸುತ್ತದೆ, ತಾನು ಯುಬಿಕ್ವಿಟಿನ್ ಜೊತೆ ಬಂಧ ಕಟ್ಟಿಕೊಳ್ಳುವುದಿಲ್ಲ. ಆದ್ದರಿಂದ ಅದಕ್ಕೆ ಅಯಸ್ಕಾಂತ ಹಾಕಲೇ ಇಲ್ಲ, ಇ2 ಬಂದು ಕೂರುವ ತೊಟ್ಟಿಲು ಮಾತ್ರ. ಹೆಕ್ಟ್ ಬಗೆಯವು ಹಾಗಲ್ಲ. ಮೊದಲು ತಮ್ಮ ಸಿಸ್ಟೀನ್‌ಗೇ ಯುಬಿಕ್ವಿಟಿನ್ ಕಟ್ಟಿಕೊಂಡು ಆಮೇಲೆ ದಾಟಿಸುತ್ತವೆ, ಅವಕ್ಕೆ ಒಂದು ಬಿಲ್ಲೆ.

ರಿಂಗ್‌ಗೆ ನಾನು ತೆಗೆದುಕೊಂಡದ್ದು 2000ರಲ್ಲಿ ಬಂದ ಸಿಬಿಎಲ್–ಯುಬಿಸಿಎಚ್7 ರಚನೆ, ಅಂದರೆ ಸಿಬಿಎಲ್ ಎಂಬ ರಿಂಗ್ ಇ3ರ ಮೇಲೆ ಒಂದು ಇ2 ಕೂತಿರುವುದು. ಅದರಲ್ಲೊಂದು ತಮಾಷೆಯಿದೆ. ಯುಬಿಸಿಎಚ್7 ಎಂಬ ಆ ಇ2 ತಾನಾಗಿ ಲೈಸಿನ್‌ಗೆ ಯುಬಿಕ್ವಿಟಿನ್ ಕೊಡುವುದೇ ಇಲ್ಲ ಎಂದು 2011ರಲ್ಲಿ ಗೊತ್ತಾಯಿತು. ಅದು ಕೊಡುವುದು ಇನ್ನೊಂದು ಸಿಸ್ಟೀನ್‌ಗೆ ಮಾತ್ರ. ಪಾರ್ಕಿನ್ ಎಂಬ ಇ3 ಕೂಡ ರಿಂಗ್ ವೇಷದಲ್ಲಿದ್ದು ಹೆಕ್ಟ್ ಕೆಲಸ ಮಾಡುವ ಮಿಶ್ರತಳಿ ಎಂದು ಬಯಲಾದದ್ದೂ ಇದೇ ಎಳೆ ಹಿಡಿದು. ಎಳೆ ವಯಸ್ಸಿಗೇ ಬರುವ ಪಾರ್ಕಿನ್ಸನ್ ಕಾಯಿಲೆಯ ಒಂದು ಬಗೆಗೆ ಈ ಪಾರ್ಕಿನ್ ಜೀನ್ ಕೆಡುವುದೇ ಕಾರಣ. ಹೀಗಾಗಿ ತೊಟ್ಟಿಲಿನ ಆಕಾರ ಆ ರಚನೆಯದೇ ಉಳಿದರೂ, ಅದರಲ್ಲಿ ಕೂರಿಸಲು ಲೈಸಿನ್‌ಗೂ ಕೊಡುವ ಇ2 ಆದ ಯುಬಿಸಿಎಚ್5 ಪ್ರಿಂಟ್ ಮಾಡುತ್ತಿದ್ದೇನೆ.

ಯುಬಿಕ್ವಿಟಿನ್‌ಗಳ ಸರಪಳಿ ಜೋಡಿಸಿದ ಸಂಜೆಯ ಖುಷಿಯೇ ಬೇರೆ. ಲ್ಯೂಸಿನ್ 8, ಐಸೊಲ್ಯೂಸಿನ್ 44, ವ್ಯಾಲಿನ್ 70 ಸೇರಿ ಆಗುವ ನೀರೊಲ್ಲದ ತೇಪೆಗೆ ಹಳದಿ ಬಳಿದಿದ್ದೆ. 48ನೆಯ ಲೈಸಿನ್‌ನಲ್ಲಿ ಜೋಡಿಸಿದರೆ ಎರಡು ಉಂಡೆಗಳ ಹಳದಿ ಮುಖಗಳನ್ನು ಒಂದಕ್ಕೊಂದು ಒತ್ತಿಕೊಳ್ಳುವಂತೆ ಮಡಚಬಹುದು. 63ರಲ್ಲಿ ಜೋಡಿಸಿದರೆ ಅದೇ ಉಂಡೆಗಳು ಉದ್ದಕ್ಕೆ ಚಾಚಿ ನಿಲ್ಲುತ್ತವೆ. ಮೊದಲನೆಯದು ಬಹುಮಟ್ಟಿಗೆ ಪ್ರೋಟೀನ್ ಒಡೆಯುವ ಯಂತ್ರವಾದ ಪ್ರೋಟಿಯಸೋಮ್‌ಗೆ ಕಳಿಸುವ ಗುರುತು. ಎರಡನೆಯದರಿಂದ ಡಿಎನ್‌ಎ ರಿಪೇರಿ, ಸಂಕೇತ ರವಾನೆಯಂಥ ಕೆಲಸಗಳು ನಡೆಯುತ್ತವೆ. ಚಿತ್ರದಲ್ಲಿ ಇವೆರಡರ ವ್ಯತ್ಯಾಸ ಒಂದು ಸಂಖ್ಯೆಯಷ್ಟೇ. ಮಾದರಿ ಮಾಡಲು ಹೊರಟದ್ದೇ ಇದಕ್ಕಾಗಿ.

ಮುಂದೆ ಪ್ರೋಟಿಯಸೋಮ್. 26ಎಸ್ ಎಂದು ಕರೆಯುವ ಇಡೀ ಪ್ರೋಟಿಯಸೋಮ್ ಸುಮಾರು 45 ನ್ಯಾನೋಮೀಟರ್ ಉದ್ದ, ನನ್ನ ಅಳತೆಯಲ್ಲಿ 90 ಸೆಂ.ಮೀ.! ಅದು ಬೇಡ. ನಡುವಿನ 20ಎಸ್ ಕೊಳವೆ ಮಾತ್ರ ಮಾಡುತ್ತೇನೆ, 30 ಸೆಂ.ಮೀ. ಎತ್ತರ ಬರುತ್ತದೆ. ಪ್ರಿಂಟರಿನಲ್ಲಿ ಒಟ್ಟಿಗೆ ಹಿಡಿಸದಿದ್ದರೂ ಎಲ್ಲಿ ಕತ್ತರಿಸಬೇಕೆಂಬ ಚಿಂತೆಯಿಲ್ಲ: ಏಳೇಳು ಉಪಘಟಕಗಳ ನಾಲ್ಕು ಉಂಗುರ ಪೇರಿಸಿದ್ದೇ 20ಎಸ್, ಹಾಗಾಗಿ ಉಂಗುರಕ್ಕೊಂದು ಪ್ರಿಂಟ್.